ತಣ್ಣಗಿದ್ದಾಗ ಮಾತ್ರ ಟಿಕ್ ಟಿಕ್

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಒಂದು ಸದ್ದು. ಟಿಕ್ ಟಿಕ್ ಟಿಕ್. ಎಲ್ಲೋ ಪಕ್ಕದ ಕೋಣೆಯಲ್ಲಿ ಹೊಲಿಗೆ ಮೆಷಿನ್ ಓಡುತ್ತಿದ್ದ ಹಾಗೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಹೊಲಿಗೆಯೂ ಜೋರು. ಐದು ನಿಮಿಷ ಕಳೆದು ಎಂಜಿನ್ ಬಿಸಿಯಾಗುತ್ತಿದ್ದಂತೆ ಸದ್ದು ಮಾಯ. ಮಾರನೇ ದಿನ ಮತ್ತೆ ಅದೇ ಕಥೆ.

ಮೊದಲು ಟ್ಯಾಪೆಟ್ ಅಂದುಕೊಂಡೆ. ಆಮೇಲೆ ಇಂಜೆಕ್ಟರ್ ಇರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಿಸಿಯಾದ ಮೇಲೆ ನಿಲ್ಲುತ್ತದೆ ಅಂದರೆ ದೊಡ್ಡ ತೊಂದರೆ ಇರಲಿಕ್ಕಿಲ್ಲ ಅಲ್ವಾ? ತೊಂದರೆ ಇರುವುದೇ ಅಲ್ಲಿ ಅಂತ ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು. ಒಡೆದಿದ್ದು ಹೆಡರ್, ಅಂದರೆ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸಿ ಹೊರಗೆ ಸಾಗಿಸುವ ಕೊಳವೆಗಳು. ಲೋಹ ಬಿಸಿಯಾದರೆ ಹಿಗ್ಗುತ್ತದೆ. ಹಿಗ್ಗಿದಾಗ ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ಒತ್ತಿಕೊಂಡು ಬಾಯಿ ಮುಚ್ಚುತ್ತದೆ. ತಣ್ಣಗಾದರೆ ಮತ್ತೆ ತೆರೆಯುತ್ತದೆ. ಒಡೆದ ಹೆಡರ್‌ನ ಗುರುತೇ ಇದು: ತಣ್ಣಗಿದ್ದಾಗ ಮಾತನಾಡುತ್ತದೆ, ಬಿಸಿಯಾದರೆ ಸುಮ್ಮನಾಗುತ್ತದೆ.

ಕಾರಿನ ಅಡಿಗೆ ತೂರಿಕೊಂಡು ಟಾರ್ಚ್ ಹಾಕಿ ನೋಡಿದೆ. ಹೆಡರ್‌ಗೆ ನಾನೇ ಆಸೆಯಿಂದ ಸುತ್ತಿದ್ದ ಫೈಬರ್ ಪಟ್ಟಿಯ ಮೇಲೆ, ನಾಲ್ಕು ಕೊಳವೆಗಳು ಸೇರುವ ಜಾಗದಲ್ಲಿ, ಕಾಡಿಗೆ ಎಳೆದ ಹಾಗೆ ಒಂದು ಕಪ್ಪು ಗೆರೆ. ಮಸಿ. ಪಟ್ಟಿ ಬಿಚ್ಚಿದೆ. ಕೆಳಗೆ ಬೆಸುಗೆಯ ಅಂಚಿನಗುಂಟ ಹೆಬ್ಬೆರಳಿನಷ್ಟು ಉದ್ದದ ಸೀಳು. ಕಣ್ಣಿಗೆ ಕೂದಲೆಳೆಯಷ್ಟೇ ಕಾಣುತ್ತಿತ್ತು. ಉಗುರಿನಲ್ಲಿ ಕೆರೆದರೆ ಉಗುರು ಅದರೊಳಗೆ ಸಿಕ್ಕಿಕೊಳ್ಳುತ್ತಿತ್ತು.

ಆ ಹೆಡರ್ ಹಾಕಿಸಿ ಒಂದು ವರ್ಷವೂ ಆಗಿರಲಿಲ್ಲ.

ನನ್ನದು ಹಳೆಯ ಸುಬಾರು ಡಬ್ಲ್ಯುಆರ್‌ಎಕ್ಸ್. ಇಜೆ ಸರಣಿಯ ಎಂಜಿನ್. ನಾಲ್ಕು ಸಿಲಿಂಡರ್‌ಗಳು ಎದ್ದು ನಿಂತಿರುವುದಿಲ್ಲ, ಎರಡು ಬಲಕ್ಕೆ, ಎರಡು ಎಡಕ್ಕೆ ಮಲಗಿರುತ್ತವೆ. ಅದಕ್ಕೇ ಬಾಕ್ಸರ್ ಎಂಜಿನ್ ಅನ್ನುವುದು. ಈ ಕಾರು ಕೊಂಡವರಲ್ಲಿ ಮುಕ್ಕಾಲು ಜನ ಅದರ ಸದ್ದಿಗೆ ಮರುಳಾಗಿ ಕೊಂಡವರು ಅಂತ ನನ್ನ ಅನುಮಾನ. ನಾನಂತೂ ಹೌದು. ಹಾಗಿದ್ದ ಮೇಲೆ ಇನ್ನೂ ಜಾಸ್ತಿ ಸದ್ದು, ಇನ್ನೂ ಜಾಸ್ತಿ ಪವರ್ ಅನ್ನುವ ಆಸೆ ಬರದೇ ಇರುತ್ತದೆಯೇ? ಫಳಫಳ ಹೊಳೆಯುವ ಸ್ಟೀಲ್ ಕೊಳವೆಗಳ ಫೋಟೊ ನೋಡಿದೆ. ಕಂಪನಿ ಕೊಟ್ಟ ಹೆಡರ್ ಅದರ ಪಕ್ಕದಲ್ಲಿ ತುಕ್ಕು ಹಿಡಿದ ಗಟಾರದ ಪೈಪಿನ ಹಾಗೆ ಕಂಡಿತು. ಹೆಸರಿಲ್ಲದ ಒಂದು ಕಡೆಯಿಂದ, ಅಗ್ಗಕ್ಕೆ, ತರಿಸಿಬಿಟ್ಟೆ.

ನನ್ನ ತಪ್ಪು ಅಗ್ಗದ್ದು ಕೊಂಡಿದ್ದು ಮಾತ್ರ ಅಲ್ಲ. ಟರ್ಬೊ ಕಾರಿನಲ್ಲಿ ಹೆಡರ್ ಏನು ಕೆಲಸ ಮಾಡುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಟರ್ಬೊ ಇಲ್ಲದ ಕಾರಿನ ಲೆಕ್ಕವನ್ನು ತಂದು ಇಲ್ಲಿ ಹಾಕಿದ್ದೆ.

ಆ ಲೆಕ್ಕ ಹೀಗಿದೆ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊಗೆ ಒಂದೇ ಸಮ ಹರಿದು ಬರುವುದಿಲ್ಲ, ಗುಂಡು ಹೊಡೆದ ಹಾಗೆ ಒಂದೊಂದೇ ಬಡಿತವಾಗಿ ಬರುತ್ತದೆ. ಆ ಬಡಿತ ಕೊಳವೆಯ ತುದಿ ಮುಟ್ಟಿದಾಗ ಅಲ್ಲಿಂದ ಒಂದು ಅಲೆ ಹಿಂದಕ್ಕೆ ಬರುತ್ತದೆ. ಕೊಳವೆಯ ಉದ್ದ ಸರಿಯಾಗಿದ್ದರೆ, ವಾಲ್ವ್ ಮುಚ್ಚುವ ಮುಂಚೆ ಆ ಅಲೆ ವಾಪಸ್ ಬಂದು ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನು ಹೀರಿ ಎಳೆಯುತ್ತದೆ. ಹೀಗಾಗಿ ಟರ್ಬೊ ಇಲ್ಲದ ಎಂಜಿನ್‌ಗೆ ಉದ್ದುದ್ದ ಕೊಳವೆಗಳು, ನಯವಾದ ಬಾಗುಗಳು, ಎಲ್ಲವೂ ಬೇಕು. ಅಲ್ಲಿ ಒಳ್ಳೆಯ ಹೆಡರ್ ನಿಜಕ್ಕೂ ಪವರ್ ಕೊಡುತ್ತದೆ.

ಟರ್ಬೊ ಇದ್ದಾಗ ಏನಾಗುತ್ತದೆ? ದಾರಿಯ ಮಧ್ಯೆ ಒಂದು ಟರ್ಬೈನ್, ಅಂದರೆ ಹೊಗೆ ತಿರುಗಿಸುವ ಚಕ್ರ, ಕೂತಿದೆ. ಅದರ ಬಲದಿಂದ ಟರ್ಬೊ ಎಂಜಿನ್‌ಗೆ ಗಾಳಿ ಒತ್ತಿ ತುಂಬುತ್ತದೆ, ಆ ಒತ್ತಡವೇ ಬೂಸ್ಟ್. ಬೂಸ್ಟ್ ಏರಿದಾಗ ಟರ್ಬೈನ್ ಹಿಂದೆ ಹೊಗೆ ಒತ್ತಡದಲ್ಲಿ ಕಾಯುತ್ತಾ ನಿಂತಿರುತ್ತದೆ. ಎಷ್ಟೋ ಕಾರುಗಳಲ್ಲಿ ಆ ಒತ್ತಡ ಇನ್‌ಟೇಕ್ ಕಡೆಯ ಬೂಸ್ಟ್‌ಗಿಂತ ಜಾಸ್ತಿ. ಹಿಂದಕ್ಕೆ ಬರುವ ಅಲೆಯ ಹೀರುವಿಕೆ ಈ ನೂಕುನುಗ್ಗಲಿನಲ್ಲಿ ಹೆಚ್ಚಿನಂಶ ಕಳೆದೇ ಹೋಗುತ್ತದೆ. ಇಲ್ಲಿ ಹೆಡರ್‌ಗೆ ಬೇರೆಯೇ ಕೆಲಸ. ಆ ಗುಂಡಿನಂಥ ಬಡಿತವನ್ನು, ಅದರ ಬಿಸಿ ಆರುವ ಮುಂಚೆ, ಅದರ ಮೊನೆ ಮೊಂಡಾಗುವ ಮುಂಚೆ ಟರ್ಬೈನ್ ಚಕ್ರಕ್ಕೆ ತಲುಪಿಸಬೇಕು. ಅಷ್ಟೇ. ಅಂಚೆಯವನ ಕೆಲಸ.

ಬಿಸಿಯ ಬಗ್ಗೆ ಇನ್ನೊಂದು ಮಾತು. ಪೆಟ್ರೋಲ್ ಟರ್ಬೊ ಎಂಜಿನ್ ಪೂರ್ತಿ ಭಾರದಲ್ಲಿ ಓಡುವಾಗ ಟರ್ಬೈನ್ ಬಾಯಲ್ಲಿ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಕೆಲವು ಎಂಜಿನ್‌ಗಳಲ್ಲಿ ಸಾವಿರ ಡಿಗ್ರಿ ಮುಟ್ಟುತ್ತದೆ. ಟರ್ಬೈನ್‌ಗೆ ಸಿಗುವ ಶಕ್ತಿ ಈ ಬಿಸಿಯ ಲೆಕ್ಕದಲ್ಲೇ ಇದೆ. 900ರಿಂದ 850ಕ್ಕೆ ಇಳಿದರೆ, ಕೆಲ್ವಿನ್ ಲೆಕ್ಕದಲ್ಲಿ, ಶೇಕಡಾ 4ರಷ್ಟು ಶಕ್ತಿ ದಾರಿಯಲ್ಲೇ ಸೋರಿಹೋದ ಹಾಗೆ. ಉದ್ದವಾದ, ತೆಳುವಾದ, ಬೆತ್ತಲೆ ಕೊಳವೆಗಳು ಮಾಡುವುದು ಇದನ್ನೇ. ಅವು ಬಾನೆಟ್ ಒಳಗೆ ಇಟ್ಟ ಹೀಟರ್.

ಈಗ ನನ್ನ ಹೊಳೆಯುವ ಹೆಡರ್ ನೋಡಿ. ಕಂಪನಿಯದಕ್ಕಿಂತ ದಪ್ಪ ಕೊಳವೆ. ಉದ್ದವೂ ಜಾಸ್ತಿ. ಒಳಗಿನ ಅಳತೆ 38 ಮಿಲಿಮೀಟರ್ ಬದಲು 42 ಅಂದರೆ ಕೇಳುವುದಕ್ಕೆ ಏನೂ ಅಲ್ಲ, 4 ಮಿಲಿಮೀಟರ್. ಆದರೆ ಕೊಳವೆಯ ಬಾಯಿ ಶೇಕಡಾ 22ರಷ್ಟು ಅಗಲವಾಗಿಬಿಡುತ್ತದೆ. ಅಷ್ಟು ಜಾಗವನ್ನು ಪ್ರತಿ ಬಡಿತವೂ ತುಂಬಬೇಕು. ಕಡಿಮೆ ಆರ್‌ಪಿಎಂನಲ್ಲಿ ಹೊಗೆಯೇ ಕಡಿಮೆ, ತುಂಬುವುದು ಎಲ್ಲಿಂದ? ನನ್ನ ಕಾರಿನಲ್ಲಿ ಪೂರ್ತಿ ಬೂಸ್ಟ್ ಬರುವುದು ಮುಂಚಿಗಿಂತ ಸುಮಾರು 300 ಆರ್‌ಪಿಎಂ ತಡವಾಯಿತು. ಮೇಲ್ಗಡೆ, 6000 ದಾಟಿದ ಮೇಲೆ, ಸ್ವಲ್ಪ ಚುರುಕು ಬಂದಿತ್ತು ನಿಜ. ಆದರೆ ನಾನು ದಿನಕ್ಕೆ ಎಷ್ಟು ಸಲ 6000 ದಾಟುತ್ತೇನೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ವಾರಕ್ಕೆ ಎರಡು ಸಲ. ಅದೂ ಸುಮ್ನೆ ಖುಷಿಗೆ.

ರೇಸ್ ಓಡಿಸುವವರ ಲೆಕ್ಕ ಬೇರೆ. ದೊಡ್ಡ ಟರ್ಬೊ ಹಾಕಿ, ಸದಾ ಮೇಲಿನ ಆರ್‌ಪಿಎಂನಲ್ಲೇ ಇರುವ ಕಾರಿಗೆ ದಪ್ಪ ಕೊಳವೆ ಬೇಕೇ ಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಹೆಡರ್ ಮಾರುವವರು ತೋರಿಸುವ ಗ್ರಾಫ್‌ಗಳು ಬಹುಪಾಲು ಅಂಥ ಕಾರುಗಳವು. ಗ್ರಾಫ್‌ನ ಬಲತುದಿಯಲ್ಲಿ ಗೆರೆ ಮೇಲಕ್ಕೆ ಹೋಗಿರುತ್ತದೆ, ನಮ್ಮ ಕಣ್ಣೂ ಅದರ ಜೊತೆ ಮೇಲಕ್ಕೆ ಹೋಗುತ್ತದೆ. ನಾನೀಗ ಮೊದಲು ನೋಡುವುದು ಎಡಭಾಗವನ್ನು, 2500ರಿಂದ 4000ದವರೆಗೆ. ಅಲ್ಲಿ ಗೆರೆ ಹಳೆಯದಕ್ಕಿಂತ ಕೆಳಗಿದ್ದರೆ ಆ ಪುಟ ಮುಚ್ಚುತ್ತೇನೆ. ಕೆಲವರು ಗ್ರಾಫನ್ನು 3500ರಿಂದಲೇ ಶುರು ಮಾಡುತ್ತಾರೆ. ಯಾಕೆ ಅಂತ ನೀವೇ ಊಹಿಸಿ.

ಸೀಳಿದ ಹೆಡರ್ ಬಿಚ್ಚಿ ಒಬ್ಬ ವೆಲ್ಡರ್ ಹತ್ತಿರ ತೆಗೆದುಕೊಂಡು ಹೋದೆ. ವಯಸ್ಸಾದವರು. ಸೀಳಿನ ಕಡೆ ಕಣ್ಣೂ ಹಾಯಿಸಲಿಲ್ಲ. ಟಾರ್ಚ್ ತೆಗೆದುಕೊಂಡು ಕೊಳವೆಯ ಬಾಯಿಯೊಳಗೆ ಇಣುಕಿದರು. ಆಮೇಲೆ ನನ್ನ ಕೈಗೆ ಕೊಟ್ಟು, "ಬೆರಳು ಹಾಕಿ ನೋಡಿ ಸರ್" ಅಂದರು.

ಹಾಕಿದೆ. ಹೊರಗೆ ಮೀನಿನ ಹುರುಪೆಯ ಹಾಗೆ ಸಾಲಾಗಿ ಕಾಣುತ್ತಿದ್ದ ಬೆಸುಗೆ, ಒಳಗಡೆ ಸುಟ್ಟ ಇದ್ದಿಲಿನ ಹಾಗೆ ಒರಟೊರಟು, ಪುಡಿಪುಡಿ.

"ಹೊರಗೆ ಮಾತ್ರ ಗ್ಯಾಸ್ ಕೊಟ್ಟಿದ್ದಾರೆ. ಒಳಗೆ ಕೊಟ್ಟಿಲ್ಲ" ಅಂದರು. "ನೀವು ನೋಡುವುದು ಹೊರಗಡೆ ಅಲ್ವಾ, ಅದಕ್ಕೆ."

ಸ್ಟೇನ್‌ಲೆಸ್ ಸ್ಟೀಲ್ ಬೆಸೆಯುವಾಗ ಹೊರಗಿನ ಟಾರ್ಚ್‌ನಿಂದ ಆರ್ಗಾನ್ ಬರುತ್ತದೆ, ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಕಾಯುತ್ತದೆ. ಆದರೆ ಬೆಸುಗೆ ಒಳಗಡೆಗೂ ಇಳಿಯುತ್ತದಲ್ಲ, ಅಲ್ಲಿ ಕಾಯುವವರು ಯಾರು? ಕೊಳವೆಯ ಎರಡೂ ತುದಿ ಮುಚ್ಚಿ ಒಳಗೂ ಆರ್ಗಾನ್ ತುಂಬಿಸಬೇಕು. ಇದಕ್ಕೆ ಸಮಯ ಬೇಕು, ಗ್ಯಾಸ್ ಬೇಕು, ತಾಳ್ಮೆ ಬೇಕು. ಮಾಡದಿದ್ದರೆ ಒಳಗಿನ ಲೋಹ ಗಾಳಿ ತಾಗಿ ಸುಟ್ಟು ಪುಡಿಯಾಗುತ್ತದೆ. ಬೆಸುಗೆ ತೆಳುವಾಗುತ್ತದೆ, ಬಿರುಕಿಗೆ ಅಲ್ಲೇ ಬೀಜ ಬಿದ್ದಿರುತ್ತದೆ. ಇನ್ನೂ ಕೆಟ್ಟ ವಿಷಯ ಅಂದರೆ ಆ ಚೂರುಗಳು ಉದುರಿದರೆ ಹೋಗುವುದು ನೇರ ಟರ್ಬೈನ್‌ಗೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಚಕ್ರಕ್ಕೆ ಚಿಕ್ಕ ಚೂರೂ ಗುಂಡೇಟೇ. ಟರ್ಬೈನ್‌ಗೆ ಮುಂಚೆ ಸಡಿಲವಾಗುವಂಥದ್ದು ಏನೂ ಇರಬಾರದು ಅನ್ನುವುದು ಅಮೆರಿಕದ 2002ರಿಂದ 2005ರ ಡಬ್ಲ್ಯುಆರ್‌ಎಕ್ಸ್ ಇಟ್ಟುಕೊಂಡವರಿಗೆ ಚೆನ್ನಾಗಿ ಗೊತ್ತು. ಅವುಗಳಲ್ಲಿ ಹೆಡರ್‌ನಿಂದ ಟರ್ಬೊಗೆ ಏರುವ ಅಪ್‌ಪೈಪ್ ಒಳಗೇ ಒಂದು ಪುಟ್ಟ ಕ್ಯಾಟಲಿಟಿಕ್ ಕನ್ವರ್ಟರ್ ಇತ್ತು. ಅದು ಒಡೆದು ಟರ್ಬೊ ತಿಂದುಬಿಡುತ್ತದೆ ಅನ್ನುವ ಭಯಕ್ಕೇ ಎಷ್ಟೋ ಜನ ಅಪ್‌ಪೈಪ್ ಬದಲಾಯಿಸಿದ್ದಾರೆ.

ಆ ದಿನದಿಂದ ಹೆಡರ್‌ನ ಫೋಟೊ ನೋಡುವಾಗ ನನ್ನ ಕಣ್ಣು ಹೊಳಪಿನ ಮೇಲೆ ನಿಲ್ಲುವುದಿಲ್ಲ. ಕೊಳವೆ ಒಳಗಿನ ಫೋಟೊ ಕೊಡಿ ಅಂತ ಕೇಳುತ್ತೇನೆ. ಕೆಲವರು ಕೊಡುತ್ತಾರೆ. ಕೊಡದವರ ಉತ್ತರ ಅಲ್ಲೇ ಸಿಕ್ಕಿತು.

ಇನ್ನು ಲೋಹ. ಮಾರುವವರು 304 ಸ್ಟೇನ್‌ಲೆಸ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಕೆಟ್ಟ ಲೋಹ ಅಲ್ಲ. ಟರ್ಬೊದಿಂದ ಕೆಳಗಿಳಿಯುವ ಡೌನ್‌ಪೈಪ್‌ಗೆ, ಹಿಂದಿನ ಪೈಪ್‌ಗೆ ಧಾರಾಳ ಸಾಕು. ಆದರೆ ಟರ್ಬೊಗೆ ಮುಂಚಿನ ಜಾಗ ಕುಲುಮೆ. 304 ಸುಮಾರು 450ರಿಂದ 850 ಡಿಗ್ರಿಯ ನಡುವೆ ಬಹಳ ಹೊತ್ತು ಇದ್ದರೆ ಅದರಲ್ಲಿರುವ ಇಂಗಾಲ ಕ್ರೋಮಿಯಂ ಜೊತೆ ಕೂಡಿ ಲೋಹದ ಕಣಗಳ ಅಂಚಿನಲ್ಲಿ ಹೋಗಿ ಕೂರುತ್ತದೆ. ಅಂಚಿನ ಸುತ್ತ ಕ್ರೋಮಿಯಂ ಕಡಿಮೆಯಾಗುತ್ತದೆ. ಸ್ಟೇನ್‌ಲೆಸ್ ಅನ್ನು ಸ್ಟೇನ್‌ಲೆಸ್ ಮಾಡುವುದೇ ಕ್ರೋಮಿಯಂ, ಅದೇ ಹೋದರೆ ಉಳಿದದ್ದೇನು? ಬೆಸುಗೆಯ ಪಕ್ಕದ ಜಾಗಕ್ಕೆ ಈ ಪೆಟ್ಟು ಮೊದಲು. 321 ಅನ್ನುವ ತಳಿಯಲ್ಲಿ ಸ್ವಲ್ಪ ಟೈಟಾನಿಯಂ ಸೇರಿಸಿರುತ್ತಾರೆ. ಇಂಗಾಲಕ್ಕೆ ಕ್ರೋಮಿಯಂಗಿಂತ ಟೈಟಾನಿಯಂ ಮೇಲೆಯೇ ಪ್ರೀತಿ ಜಾಸ್ತಿ. ಅದರ ಜೊತೆ ಹೋಗಿಬಿಡುತ್ತದೆ, ಕ್ರೋಮಿಯಂ ಉಳಿಯುತ್ತದೆ. 347ರಲ್ಲಿ ಇದೇ ಕೆಲಸವನ್ನು ನಿಯೋಬಿಯಂ ಮಾಡುತ್ತದೆ. ಅದಕ್ಕೂ ಮೇಲೆ ಇನ್‌ಕೊನೆಲ್ ಇದೆ, ನಿಕ್ಕಲ್ ಮಿಶ್ರಲೋಹ, ರೇಸ್ ತಂಡಗಳ ಮನೆಮಗಳು. ನನ್ನ ಕಾರಿಗೆ ಅದು ವೈಭೋಗ.

ಲೋಹದ ಹೆಸರಿಗಿಂತ ಗೋಡೆಯ ದಪ್ಪ ಮುಖ್ಯ ಅಂತ ಆ ವೆಲ್ಡರ್ ಹೇಳಿದ್ದು ಇನ್ನೂ ನೆನಪಿದೆ. ನನ್ನ ಹೆಡರ್ ಗೋಡೆ 1.6 ಮಿಲಿಮೀಟರ್ ಇತ್ತು. ದಪ್ಪ ಗೋಡೆಯ, ಶೆಡ್ಯೂಲ್ 10 ಅನ್ನುವ ಪೈಪ್‌ನಲ್ಲಿ ಮಾಡಿದವುಗಳ ಗೋಡೆ ಹತ್ತಿರ ಹತ್ತಿರ 2.8 ಮಿಲಿಮೀಟರ್. ತೂಕ ಜಾಸ್ತಿ, ನೋಡಲಿಕ್ಕೆ ನಾಜೂಕಿಲ್ಲ, ಬಾಗುಗಳೂ ಸಣ್ಣ ಸಣ್ಣ ತುಂಡು ಜೋಡಿಸಿದ್ದು. ಆದರೆ ಕೆಂಪಗೆ ಕಾದು ನೆತ್ತಿಯ ಮೇಲೆ ಟರ್ಬೊ ಹೊತ್ತು ನಿಲ್ಲಬೇಕಾದ ವಸ್ತು ನಾಜೂಕಾಗಿ ಯಾಕಿರಬೇಕು?

ಹಿಗ್ಗುವ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿದೆ. 30 ಸೆಂಟಿಮೀಟರ್ ಉದ್ದದ ಸ್ಟೇನ್‌ಲೆಸ್ ಕೊಳವೆ 800 ಡಿಗ್ರಿ ಬಿಸಿಯಾದರೆ 4 ಮಿಲಿಮೀಟರ್‌ಗೂ ಹೆಚ್ಚು ಉದ್ದವಾಗುತ್ತದೆ. ಬೀಡು ಅಂದರೆ ಎರಕದ ಕಬ್ಬಿಣ ಅಷ್ಟು ಹಿಗ್ಗುವುದಿಲ್ಲ, ಸುಮಾರು 3 ಮಿಲಿಮೀಟರ್. ಒಂದು ತುದಿಯನ್ನು ಎಂಜಿನ್ ಹೆಡ್ಡಿಗೆ ಬಿಗಿದಿದ್ದೇವೆ, ಇನ್ನೊಂದು ತುದಿಯಲ್ಲಿ ಟರ್ಬೊ. ಹೆಡ್ ಅಲ್ಯೂಮಿನಿಯಂ, ನೀರು ಹರಿದು ತಣ್ಣಗಿರುತ್ತದೆ. ಕೊಳವೆಗೆ ಬೆಳೆಯುವ ಆಸೆ, ಹೆಡ್ಡಿಗೆ ಬಿಡುವ ಮನಸ್ಸಿಲ್ಲ. ಪ್ರತಿ ಸಲ ಕಾರು ಓಡಿಸಿದಾಗಲೂ ಈ ಜಗಳ. ಎಲ್ಲಿ ದುರ್ಬಲವೋ ಅಲ್ಲಿ ಸೀಳುತ್ತದೆ.

ಇದು ಗೊತ್ತಿದ್ದವರು ಜಾಗ ಬಿಟ್ಟೇ ಮಾಡುತ್ತಾರೆ. ಎಂಜಿನ್‌ಗೆ ಕೂರುವ ಫ್ಲ್ಯಾಂಜ್ 10–12 ಮಿಲಿಮೀಟರ್ ದಪ್ಪ ಇರುತ್ತದೆ, ಆದರೆ ಎರಡು ಪೋರ್ಟ್‌ಗಳ, ಅಂದರೆ ಹೊಗೆ ಬರುವ ತೂತುಗಳ, ಮಧ್ಯೆ ಗರಗಸ ಆಡಿಸಿ ಒಂದು ಸೀಳು ಬಿಟ್ಟಿರುತ್ತಾರೆ. ಒಂದೊಂದು ಕೊಳವೆಯೂ ತನ್ನಷ್ಟಕ್ಕೆ ತಾನು ಅಲುಗಾಡಲಿ ಅಂತ. ತುದಿಯ ಬೋಲ್ಟ್ ತೂತುಗಳನ್ನು ಸ್ವಲ್ಪ ಉದ್ದಕ್ಕೆ ಕೊರೆದಿರುತ್ತಾರೆ. ಕೆಲವರು ಕೊಳವೆ ಒಂದರೊಳಗೊಂದು ಜಾರುವ ಜಾಯಿಂಟ್ ಇಡುತ್ತಾರೆ, ಕೆಲವರು ಅಕಾರ್ಡಿಯನ್ ಹಾಗೆ ಮಡಿಕೆ ಮಡಿಕೆಯಾದ ಬೆಲ್ಲೋಸ್ ಇಡುತ್ತಾರೆ. ನನ್ನ ಹೊಳೆಯುವ ಹೆಡರ್‌ನಲ್ಲಿ ಇದ್ಯಾವುದೂ ಇರಲಿಲ್ಲ. ನೋಡಲು ಮಾತ್ರ ಚೆಂದ.

ಅದರ ಮೇಲೆ ನಾನು ಫೈಬರ್ ಪಟ್ಟಿ ಬೇರೆ ಸುತ್ತಿದ್ದೆ. ಬಿಸಿ ಒಳಗೇ ಉಳಿಯಲಿ ಅನ್ನುವ ಉಪಾಯ. ಉಪಾಯ ಸರಿಯೇ, ಬಿಸಿ ಉಳಿಯಿತು. ಎಲ್ಲಿ ಉಳಿಯಿತು ಅಂದರೆ ಲೋಹದಲ್ಲಿ. ಬೆತ್ತಲೆಯಾಗಿದ್ದರೆ ಕೊಳವೆಯ ಗೋಡೆ ಸುತ್ತಲಿನ ಗಾಳಿಗೆ ಬಿಸಿ ಬಿಟ್ಟು ಸ್ವಲ್ಪವಾದರೂ ಸುಧಾರಿಸಿಕೊಳ್ಳುತ್ತಿತ್ತು. ಕಂಬಳಿ ಹೊದಿಸಿ ಅದರ ಜ್ವರ ಏರಿಸಿದೆ. ಮಳೆಯಲ್ಲಿ ನೆನೆದಾಗ ಪಟ್ಟಿ ನೀರು ಹಿಡಿದಿಟ್ಟುಕೊಂಡಿದ್ದು ಬೇರೆ. ಪಟ್ಟಿ ಸುತ್ತಿದರೆ ಗ್ಯಾರಂಟಿ ಇಲ್ಲ ಅಂತ ಎಷ್ಟೋ ತಯಾರಕರು ಬರೆದಿರುತ್ತಾರೆ, ನಾನು ಓದಿರಲಿಲ್ಲ. ಸೆರಾಮಿಕ್ ಲೇಪನ ಇದಕ್ಕಿಂತ ವಾಸಿ. ಅದರಲ್ಲೂ ಕೊಳವೆಯ ಒಳಗೂ ಲೇಪಿಸಿದ್ದರೆ ಬಿಸಿ ಲೋಹಕ್ಕೆ ಇಳಿಯುವುದೇ ಕಡಿಮೆ.

ಈ ಎಲ್ಲದರ ನಡುವೆ ಬೀಡಿನ ಮ್ಯಾನಿಫೋಲ್ಡ್ ಬಗ್ಗೆ ನನಗಿದ್ದ ಅಸಡ್ಡೆ ಕರಗಿಹೋಯಿತು. ಪೈಪ್ ಬಗ್ಗಿಸಿ ಬೆಸೆದರೆ ಹೆಡರ್, ಎರಕ ಹೊಯ್ದರೆ ಮ್ಯಾನಿಫೋಲ್ಡ್, ಮಾಡುವ ಕೆಲಸ ಒಂದೇ. ಮಿತ್ಸುಬಿಷಿ ಇವೊದ 4ಜಿ63 ಎಂಜಿನ್, ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26, ಎರಡರಲ್ಲೂ ಕಂಪನಿಯವರು ಬೀಡನ್ನೇ ಇಟ್ಟಿದ್ದರು. ಕಾಸು ಉಳಿಸಲಿಕ್ಕೆ ಮಾತ್ರ ಅಲ್ಲ. ಗಿಡ್ಡ, ದಪ್ಪ, ಬಿಸಿ ಹಿಡಿದಿಡುವ, ಟರ್ಬೊ ಹೊರುವ, ಸದ್ದು ನುಂಗುವ ವಸ್ತು ಬೇರೆ ಯಾವುದಿದೆ? ಹೊಸ ಕಾಲದ ಕೆಲವು ಎಂಜಿನ್‌ಗಳಲ್ಲಂತೂ ಈ ಪ್ರಶ್ನೆಯೇ ಇಲ್ಲ. ಹೋಂಡಾ ಸಿವಿಕ್ ಟೈಪ್ ಆರ್‌ನ ಕೆ20ಸಿ1ನಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನ ಒಳಗೇ ಎರಕವಾಗಿದೆ. ಟರ್ಬೊ ನೇರ ಹೆಡ್ಡಿಗೇ ಕೂರುತ್ತದೆ. ಹೆಡರ್ ಬದಲಾಯಿಸುತ್ತೇನೆ ಅಂದರೆ ಬದಲಾಯಿಸಲು ಹೆಡರೇ ಇಲ್ಲ. ಎಷ್ಟು ನೆಮ್ಮದಿ!

ನನಗೆ ಆ ನೆಮ್ಮದಿ ಇರಲಿಲ್ಲ. ಯಾಕೆಂದರೆ ನನ್ನ ಮುಂದೆ ಸುಬಾರು ಜನರ ಹಳೇ ಜಗಳ ಇತ್ತು. ಸಮ ಉದ್ದದ ಹೆಡರೋ, ಅಸಮ ಉದ್ದದ ಹೆಡರೋ?

ಇಜೆ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಉರಿಯುವ ಕ್ರಮ 1-3-2-4. 1 ಮತ್ತು 3 ಬಲಗಡೆ, 2 ಮತ್ತು 4 ಎಡಗಡೆ. ಅಂದರೆ ಬಲ, ಬಲ, ಎಡ, ಎಡ. ಟರ್ಬೊ ಕೂತಿರುವುದು ಬಲಗಡೆ. ಹಾಗಾಗಿ ಎಡಗಡೆಯ ಹೊಗೆ ಎಂಜಿನ್ ಹೊಟ್ಟೆಯ ಕೆಳಗೆ ಅಡ್ಡ ಹಾದು ಬರಬೇಕು, ದಾರಿ ದೂರ. ಬಲಗಡೆಯದಕ್ಕೆ ಹತ್ತಿರ. ಅಷ್ಟು ಬಿಸಿ ಹೊಗೆಯಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 650 ಮೀಟರ್ ಓಡುತ್ತದೆ, ತಣ್ಣನೆ ಗಾಳಿಯಲ್ಲಿ ಶಬ್ದ ಓಡುವುದರ ಹೆಚ್ಚುಕಡಿಮೆ ಎರಡು ಪಟ್ಟು. 30 ಸೆಂಟಿಮೀಟರ್ ಜಾಸ್ತಿ ದಾರಿಗೆ ಅರ್ಧ ಮಿಲಿಸೆಕೆಂಡಿಗಿಂತ ತುಸು ಕಡಿಮೆ. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್, ಅಂದರೆ ಎಂಜಿನ್‌ನ ಮುಖ್ಯ ದಂಡ, ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತದೆ. ಅಂದರೆ ಎಡಗಡೆಯ ಬಡಿತಗಳು ಸುಮಾರು 8 ಡಿಗ್ರಿ ತಡವಾಗಿ ಬರುತ್ತವೆ. ನಾಲ್ಕು ಜನ ಸಮನಾಗಿ ತಾಳ ಹಾಕಬೇಕಾದಲ್ಲಿ ಇಬ್ಬರು ಸದಾ ಒಂದು ಚೂರು ಹಿಂದೆ. ಆ ತಪ್ಪುತಾಳವೇ ಸುಬಾರು ಗುಡುಗು.

ಇದು ತಿಳಿದಾಗ ನನಗೆ ಸ್ವಲ್ಪ ಬೇಜಾರಾಯಿತು, ಸ್ವಲ್ಪ ನಗುವೂ ಬಂತು. ನಾನು ಮರುಳಾಗಿದ್ದು ಒಂದು ಕುಂದಿಗೆ! ಸುಬಾರುಗೂ ಇದು ಗೊತ್ತಿತ್ತು. ಜಪಾನಿನ ಮಾರುಕಟ್ಟೆಯ 2 ಲೀಟರ್ ಎಸ್‌ಟಿಐಗೆ, ಅಂದರೆ ಡಬ್ಲ್ಯುಆರ್‌ಎಕ್ಸ್‌ನ ಹೆಚ್ಚು ಪವರಿನ ತಳಿಗೆ, 2000ದ ದಶಕದಲ್ಲೇ ಸಮ ಉದ್ದದ ಹೆಡರ್, ಟ್ವಿನ್ ಸ್ಕ್ರೋಲ್ ಅನ್ನುವ ಎರಡು ಬಾಯಿಯ ಟರ್ಬೊ ಕೊಟ್ಟರು. 2015ರ ಡಬ್ಲ್ಯುಆರ್‌ಎಕ್ಸ್‌ನಲ್ಲಿ ಎಫ್‌ಎ20 ಎಂಜಿನ್ ಬಂದಾಗ ಟರ್ಬೊ ಎಂಜಿನ್ ಕೆಳಗೆ ಇಳಿಯಿತು, ಗುಡುಗು ಹೋಯಿತು. ಹಳೇ ಅಭಿಮಾನಿಗಳು ಅತ್ತರು. ಕೆಲವರು ಆ ಹೊಸ ಕಾರಿಗೆ ಹೊರಗಿನಿಂದ ಅಸಮ ಉದ್ದದ ಹೆಡರ್ ತಂದು ಹಾಕಿ ಗುಡುಗನ್ನು ವಾಪಸ್ ತಂದರು. ಕಂಪನಿ ಸರಿ ಮಾಡಿದ್ದನ್ನು ಕಾಸು ಕೊಟ್ಟು ಕೆಡಿಸುವುದು ಅಂತ ಬಯ್ಯುವವರಿದ್ದಾರೆ. ನನಗೆ ಬಯ್ಯಲು ಮನಸ್ಸಾಗುವುದಿಲ್ಲ.

ಸಮ ಉದ್ದದಿಂದ ಸಿಗುವ ನಿಜವಾದ ಲಾಭ ಉದ್ದದ್ದಲ್ಲ, ಜೋಡಿಯದ್ದು. ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆದಿರುವುದು ಸುಮಾರು 240 ಡಿಗ್ರಿ. ಮುಂದಿನ ಸಿಲಿಂಡರ್ ಉರಿಯುವುದು 180 ಡಿಗ್ರಿಗೆ. ಅಂದರೆ 1ನೇ ಸಿಲಿಂಡರ್ ಇನ್ನೂ ಕೊನೆಯ ಉಸಿರು ಬಿಡುತ್ತಿರುವಾಗಲೇ 3ನೆಯದು ಅದರ ಮುಖಕ್ಕೆ ರಾಚುತ್ತದೆ. ಇಬ್ಬರೂ ಒಂದೇ ಕೊಳವೆಯಲ್ಲಿದ್ದರೆ ಬಿಸಿ ಹೊಗೆ ಹಿಂದಕ್ಕೆ ನುಗ್ಗುತ್ತದೆ, ಸಿಲಿಂಡರ್‌ನಲ್ಲಿ ಉಳಿಯುತ್ತದೆ, ನಾಕಿಂಗ್‌ಗೆ, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದಕ್ಕೆ, ದಾರಿ ಮಾಡುತ್ತದೆ. ಟ್ವಿನ್ ಸ್ಕ್ರೋಲ್‌ನಲ್ಲಿ 1 ಮತ್ತು 2 ಒಂದು ಜೋಡಿ, 3 ಮತ್ತು 4 ಇನ್ನೊಂದು ಜೋಡಿ. ಪ್ರತಿ ಜೋಡಿಯ ನಡುವೆ 360 ಡಿಗ್ರಿ ಅಂತರ. ಟರ್ಬೈನ್ ಚಕ್ರದವರೆಗೂ ಎರಡು ಜೋಡಿಗೂ ಬೇರೆ ಬೇರೆ ದಾರಿ, ಮಧ್ಯೆ ಗೋಡೆ. ಯಾರೂ ಯಾರ ಮುಖಕ್ಕೂ ರಾಚುವುದಿಲ್ಲ. ನೇರ ಸಾಲಿನ ನಾಲ್ಕು ಸಿಲಿಂಡರ್ ಎಂಜಿನ್ 1-3-4-2 ಕ್ರಮದಲ್ಲಿ ಉರಿಯುತ್ತದೆ, ಅಲ್ಲಿ ಜೋಡಿ 1-4 ಮತ್ತು 2-3. ಇವೊದಲ್ಲಿ ಇದೇ ಏರ್ಪಾಡು. ಆರು ಸಿಲಿಂಡರ್‌ಗೆ ಇನ್ನೂ ಸುಲಭ: ಮುಂದಿನ ಮೂರು, ಹಿಂದಿನ ಮೂರು, ಮಧ್ಯೆ 240 ಡಿಗ್ರಿ.

ಆದರೆ ಇದರಲ್ಲೊಂದು ಷರತ್ತಿದೆ. ಟರ್ಬೊ ಕೂಡ ಟ್ವಿನ್ ಸ್ಕ್ರೋಲ್ ಆಗಿರಬೇಕು. ನನ್ನದು ಒಂದೇ ಬಾಯಿಯ ಟರ್ಬೊ. ಚೆಂದದ ಸಮ ಉದ್ದದ ಹೆಡರ್ ತಂದರೂ ಕೊನೆಗೆ ನಾಲ್ಕೂ ಒಂದೇ ಅಪ್‌ಪೈಪ್‌ಗೆ ಬಂದು ಬೀಳಬೇಕು. ಅರ್ಧ ಲಾಭ ಅಲ್ಲೇ ಹೋಯಿತು. ಪೂರ್ತಿ ಬೇಕೆಂದರೆ ಟರ್ಬೊ, ಅಪ್‌ಪೈಪ್, ಡೌನ್‌ಪೈಪ್, ಎಲ್ಲ ಬದಲಾಗಬೇಕು. ಹಗ್ಗ ಕೊಳ್ಳಲು ಹೋದವನು ಎಮ್ಮೆಯನ್ನೂ ಕೊಟ್ಟಿಗೆಯನ್ನೂ ಕೊಂಡ ಹಾಗೆ.

ಯೋಚನೆ ಮಾಡುವವರೆಗೆ ಇರಲಿ ಅಂತ ಕಂಪನಿಯ ಹಳೇ ಹೆಡರ್ ವಾಪಸ್ ಹಾಕಿಸಿದೆ. ಆ ತುಕ್ಕು ಹಿಡಿದ ಗಟಾರದ ಪೈಪ್. ಬೂಸ್ಟ್ ಬೇಗ ಬಂತು. ಸದ್ದು ಇತ್ತು. ಟಿಕ್ ಟಿಕ್ ಇರಲಿಲ್ಲ. ಪೆಟ್ರೋಲ್ ಕುಡಿಯುವುದೂ ಕಡಿಮೆಯಾಯಿತು. ಕಾರಣ ಆಮೇಲೆ ಹೊಳೆಯಿತು. ನನ್ನ ಕಾರಿನ ಮುಂದಿನ ಆಕ್ಸಿಜನ್ ಸೆನ್ಸರ್ ಹೆಡರ್‌ನಲ್ಲೇ ಇದೆ. ಬಿರುಕು ಬಿಸಿಗೆ ಪೂರ್ತಿ ಮುಚ್ಚುವವರೆಗೆ, ಐಡಲ್‌ನಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ಮಧ್ಯೆ ಬಿರುಕು ಹೊರಗಿನ ಗಾಳಿಯನ್ನು ಒಳಗೆಳೆಯುತ್ತಿತ್ತು. ಸೆನ್ಸರ್ ಆ ಗಾಳಿ ನೋಡಿ ಪೆಟ್ರೋಲ್ ಸಾಲದು ಅಂತ ವರದಿ ಕೊಡುತ್ತಿತ್ತು, ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಅದನ್ನು ನಂಬಿ ಸುರಿಯುತ್ತಿತ್ತು.

ನಾಲ್ಕು ತಿಂಗಳು ಹಾಗೇ ಓಡಿಸಿದೆ. ಇದೇ ಸಾಕಲ್ವಾ ಅಂತ ಎಷ್ಟೋ ಸಲ ಅನ್ನಿಸಿತು. ಸಾಕೇ ಇತ್ತು. ಯಾರಾದರೂ ಕೇಳಿದರೆ ಇವತ್ತಿಗೂ ಅದನ್ನೇ ಹೇಳುತ್ತೇನೆ. ಕಂಪನಿಯ ಟರ್ಬೊ, ಕಂಪನಿಯ ಬೂಸ್ಟ್ ಇರುವವರೆಗೂ ಕಂಪನಿಯ ಹೆಡರ್ ಮುಟ್ಟಬೇಡಿ, ಆ ಕಾಸಿಗೆ ಒಳ್ಳೆಯ ಟಯರ್ ಹಾಕಿಸಿ.

ನಾನು ಮಾತ್ರ ಹೊಸದು ತರಿಸಿದೆ. ಏನು ಮಾಡೋದು, ಹುಚ್ಚು. ಈ ಸಲ ದಪ್ಪ ಗೋಡೆಯ, 321 ಸ್ಟೇನ್‌ಲೆಸ್‌ನ, ಅಸಮ ಉದ್ದದ ಹೆಡರ್. ಕೊಳವೆಯ ಒಳಗಿನ ಅಳತೆ ಕಂಪನಿಯದರಷ್ಟೇ. ಜೋಡಣೆಯ ಜಾಗದಲ್ಲಿ ಬೆಲ್ಲೋಸ್ ಇದೆ. ಪವರ್ ಎಷ್ಟು ಜಾಸ್ತಿಯಾಗುತ್ತದೆ ಅಂತ ಕೇಳಿದ್ದಕ್ಕೆ ಮಾಡಿಕೊಟ್ಟವರು, "ಗೊತ್ತಾಗುವಷ್ಟೇನೂ ಆಗುವುದಿಲ್ಲ" ಅಂದರು. ಆ ಮಾತಿಗೇ ನಂಬಿಕೆ ಬಂತು.

ಬಂದ ದಿನ ಪೆಟ್ಟಿಗೆ ಬಿಚ್ಚಿ ಮೊದಲು ಬೆರಳು ಹಾಕಿದೆ. ನಯವಾಗಿತ್ತು. ಫ್ಲ್ಯಾಂಜ್ ಮೇಲೆ ಉಕ್ಕಿನ ಅಳತೆಪಟ್ಟಿ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟೆ. ಎಲ್ಲೂ ಬೆಳಕು ನುಸುಳಲಿಲ್ಲ, ಅಂದರೆ ಸೊಟ್ಟಗಿಲ್ಲ. ಗ್ಯಾಸ್ಕೆಟ್ ಇಟ್ಟು ಪೋರ್ಟ್‌ಗೂ ಕೊಳವೆಗೂ ಮಧ್ಯೆ ಮೆಟ್ಟಿಲು ಇದೆಯಾ ನೋಡಿದೆ. ಹೊಸ ಗ್ಯಾಸ್ಕೆಟ್, ಹೊಸ ನಟ್. ಹಳೇ ಸ್ಟಡ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ. ಆದರೂ ಒಂದು ಕಿರುಗುಟ್ಟಿತು. ಸ್ಪ್ಯಾನರ್ ಹಿಡಿದ ಕೈ ನಿಂತೇ ಹೋಯಿತು. ಹೆಡ್ಡಿನೊಳಗೆ ಸ್ಟಡ್ ಮುರಿದರೆ ಆ ದಿನದ ಕೆಲಸ ಮುಗಿದ ಹಾಗೆ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಮತ್ತೆ ಬಿಗಿ, ಮತ್ತೆ ಸಡಿಲ. ಹದಿನೈದು ನಿಮಿಷ ಅದರ ಜೊತೆ ಮಾತಾಡಿ ಮಾತಾಡಿ ಹೊರಗೆ ತಂದೆ.

ಟ್ಯೂನಿಂಗ್ ಬಗ್ಗೆ ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ಗಾಳಿ ಅಳೆಯುವ ಸೆನ್ಸರ್ ಇರುವುದರಿಂದ ಪೆಟ್ರೋಲ್ ಲೆಕ್ಕ ಸ್ವಲ್ಪಮಟ್ಟಿಗೆ ತಾನೇ ಸರಿಹೋಗುತ್ತದೆ. ಬೂಸ್ಟ್ ಸರಿಹೋಗುವುದಿಲ್ಲ. ಹೊಗೆ ಸಲೀಸಾಗಿ ಹರಿದರೆ ಚಿಕ್ಕ ವೇಸ್ಟ್‌ಗೇಟ್‌ಗೆ, ಅಂದರೆ ಟರ್ಬೈನ್ ತಪ್ಪಿಸಿ ಹೊಗೆ ಬಿಡುವ ಬಾಗಿಲಿಗೆ, ಅಷ್ಟನ್ನೂ ಪಕ್ಕಕ್ಕೆ ಬಿಡಲು ಆಗುವುದಿಲ್ಲ, ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಹೇಳಿದ ಮಾತು ಕೇಳದೆ ಏರುತ್ತಾ ಹೋಗುತ್ತದೆ. ಹಾಗಾಗಿ ಮೊದಲ ದಿನ ಬೂಸ್ಟ್ ಗೇಜ್ ನೋಡದೆ ಕಾಲು ಒತ್ತಬಾರದು. ಇಸಿಯು ದಾಖಲೆ (ಲಾಗ್) ತೆಗೆದು, ನಾಕಿಂಗ್ ಇದೆಯಾ ನೋಡಿ, ಟ್ಯೂನ್ ಮಾಡಿಸಿಯೇ ಮುಂದಿನ ಮಾತು. ಹೊಗೆ ನಿಯಮ ಎಲ್ಲೆಡೆ ಒಂದೇ ಅಲ್ಲ, ಅದನ್ನೂ ಕೊಳ್ಳುವ ಮುಂಚೆಯೇ ನೋಡಿಕೊಳ್ಳಬೇಕು.

ಎಲ್ಲ ಬಿಗಿಯಾದ ಮೇಲೆ ಕೈ ಒರೆಸಿಕೊಂಡು ಸ್ಟಾರ್ಟ್ ಮಾಡಿದೆ. ಹೊಸ ಲೋಹದ ಮೇಲಿನ ಎಣ್ಣೆ ಸುಟ್ಟು ಒಂದಿಷ್ಟು ಬಿಳಿ ಹೊಗೆ ಎದ್ದಿತು. ಬಾನೆಟ್ ತೆರೆದಿಟ್ಟು ಹತ್ತಿರ ಹೋಗಿ ಕಿವಿ ಕೊಟ್ಟೆ. ಬಲ, ಬಲ, ಎಡ, ಎಡ. ಇಬ್ಬರು ಒಂದು ಚೂರು ಹಿಂದೆ. ಟಿಕ್ ಟಿಕ್ ಇಲ್ಲ.

ನಾಳೆ ಪೂರ್ತಿ ತಣ್ಣಗಾದ ಮೇಲೆ ನಟ್‌ಗಳನ್ನು ಇನ್ನೊಂದು ಸಲ ಬಿಗಿ ಮಾಡಬೇಕು.